ರ‍್ಯಾಮ್ ಮೊದಲೋ, ಎಸ್‌ಎಸ್‌ಡಿ ಮೊದಲೋ: ಗೇಮಿಂಗ್ ಪಿಸಿಗೆ ದುಡ್ಡು ಹಾಕುವ ಮುನ್ನ

ಗೇಮ್ ಲೋಡ್ ಆಗಲು ಮೂರು ನಿಮಿಷ ಹಿಡಿಯುತ್ತದೆ, ಒಳಗೆ ಹೋದಮೇಲೆ ಮಾತ್ರ ಸಲೀಸಾಗಿ ಓಡುತ್ತದೆ. ಇದು ಒಂದು ತೊಂದರೆ. ಬೇಗನೆ ಲೋಡ್ ಆಗಿ, ಅರ್ಧ ಗಂಟೆ ಆಡಿದ ಮೇಲೆ ಗಳಿಗೆಗೊಮ್ಮೆ ಚಿತ್ರ ನಿಂತು ನಿಂತು ಹೋಗುವುದು ಇನ್ನೊಂದು. ಶುರುವಿನಿಂದ ಕೊನೆತನಕ ಒಂದೇ ಸಮನೆ ಸೆಕೆಂಡಿಗೆ 25 ಫ್ರೇಮಿನಲ್ಲಿ (ಬಿಡಿಚಿತ್ರದಲ್ಲಿ) ತೆವಳುವುದು ಮೂರನೆಯದು. ಮೊದಲನೆಯದಕ್ಕೆ ಸಾಮಾನ್ಯವಾಗಿ ಸುತ್ತುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಕಡತ ಇಡುವ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಮದ್ದು, ಎರಡನೆಯದಕ್ಕೆ ಹೆಚ್ಚಿನ ಸಲ, ಆಡುವ ಹೊತ್ತಿಗೆ ಬೇಕಾದ್ದನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಮೆಮೊರಿಯಾದ ರ‍್ಯಾಮ್. ಮೂರನೆಯದು ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಅದಕ್ಕೆ ಇವೆರಡರಲ್ಲಿ ಯಾವುದನ್ನು ತಂದರೂ ಹೆಚ್ಚು ಪ್ರಯೋಜನವಿಲ್ಲ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಪಿಸಿ ಎಲ್ಲಿ, ಯಾವಾಗ ಸಿಕ್ಕಿಕೊಳ್ಳುತ್ತಿದೆ ಎಂದು ಒಂದು ಸಂಜೆ ಕೂತು ನೋಡಿ. ಆ ಒಂದು ಸಂಜೆ ಸಾವಿರಾರು ರೂಪಾಯಿ ಉಳಿಸುತ್ತದೆ.

ಒಂದರ ನೋವು ಇನ್ನೊಂದರಲ್ಲಿ ಕಾಣುತ್ತದೆ

ಗೇಮಿನ ನಕ್ಷೆ, ಚಿತ್ರ, ಸದ್ದು ಎಲ್ಲವೂ ಡಿಸ್ಕ್‌ನಲ್ಲಿ ಇರುತ್ತವೆ. ಆಡುವಾಗ ಅಲ್ಲಿಂದ ರ‍್ಯಾಮ್‌ಗೆ, ರ‍್ಯಾಮ್‌ನಿಂದ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿಗೆ ಹೋಗುತ್ತವೆ. ನಿಮಿಷಕ್ಕೆ 7200 ಸುತ್ತು ಸುತ್ತುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದರ ಮುಳ್ಳು ಸರಿಯಾದ ಜಾಗಕ್ಕೆ ಸರಿಯುವ ಹೊತ್ತನ್ನೂ ಸೇರಿಸಿದರೆ ಚದುರಿಹೋದ ಸಣ್ಣ ಸಣ್ಣ ತುಣುಕುಗಳನ್ನು ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಾತ್ರ ಓದಬಲ್ಲದು. ಸಾಧಾರಣ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬಂದಾಗ ಪಿಸಿಯೇ ಹೊಸದು ಅನ್ನಿಸುವುದು ಇದಕ್ಕೇ. ಡಬ್ಬಿಯ ಮೇಲೆ ಬರೆದ ದೊಡ್ಡ ಎಂಬಿ ಲೆಕ್ಕಕ್ಕಿಂತ ಈ ಚಿಲ್ಲರೆ ಓದಿನ ವೇಗವೇ ಮುಖ್ಯ.

ಇನ್ನು ರ‍್ಯಾಮ್ ಸಾಲದೆ ಹೋದರೆ ಏನಾಗುತ್ತದೆ? ವಿಂಡೋಸ್ ಗೇಮನ್ನು ನಿಲ್ಲಿಸುವುದಿಲ್ಲ. ರ‍್ಯಾಮ್‌ನಲ್ಲಿ ಸದ್ಯಕ್ಕೆ ಬೇಡ ಎಂದು ಕಂಡದ್ದನ್ನು ಡಿಸ್ಕ್‌ನಲ್ಲಿ ಇದಕ್ಕೆಂದೇ ಇರುವ ಪೇಜ್‌ಫೈಲ್ ಎಂಬ ಕಡತಕ್ಕೆ ತಳ್ಳಿ ಜಾಗ ಮಾಡಿಕೊಡುತ್ತದೆ. ಅದೇ ತುಣುಕು ಮರುಗಳಿಗೆಯಲ್ಲಿ ಬೇಕಾದರೆ ಡಿಸ್ಕ್‌ನಿಂದ ವಾಪಸ್ ಎಳೆದು ತರಬೇಕು. ಆ ಎಳೆದಾಟದ ಹೊತ್ತಿನಲ್ಲೇ ಚಿತ್ರ ನಿಲ್ಲುವುದು. ಆಗ ಪಿಸಿಯ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ 100 ಶೇಕಡಾ ಎಂದು ಕಾಣುತ್ತದೆ. ನೋಡಿದವರು ಡಿಸ್ಕ್ ನಿಧಾನ ಎಂದುಕೊಂಡು ಎಸ್‌ಎಸ್‌ಡಿ ತರುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಎಸ್‌ಎಸ್‌ಡಿ ಬಂದಮೇಲೆ ತಡವರಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ಅತಿ ವೇಗದ ಎಸ್‌ಎಸ್‌ಡಿ ಕೂಡ ರ‍್ಯಾಮ್‌ನ ಸಮಕ್ಕೆ ಬರಲಾರದು.

ಪತ್ತೆ ಹಚ್ಚುವ ಬಗೆ

ಪಿಸಿಯನ್ನು ರೀಸ್ಟಾರ್ಟ್ ಮಾಡಿ. ದಿನವೂ ಆಡುವಾಗ ಏನೇನು ತೆರೆದಿರುತ್ತೀರೋ ಅದನ್ನೆಲ್ಲ ತೆರೆಯಿರಿ: ಕ್ರೋಮ್, ಡಿಸ್ಕಾರ್ಡ್, ಹಾಡು, ಏನಿದ್ದರೂ. ಎಲ್ಲವನ್ನೂ ಮುಚ್ಚಿ ಪರೀಕ್ಷೆ ಮಾಡಿದರೆ ಸಿಗುವುದು ಪರೀಕ್ಷೆಯ ದಿನದ ಉತ್ತರ ಮಾತ್ರ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಅದನ್ನು ಹಾಗೇ ಬಿಟ್ಟು ಗೇಮ್ ಶುರು ಮಾಡಿ, ಅತಿ ಹೆಚ್ಚು ತೊಂದರೆ ಕೊಡುವ ಜಾಗಕ್ಕೆ ಹೋಗಿ ಅರ್ಧ ಗಂಟೆ ಆಡಿ. ಚಿತ್ರ ನಿಂತ ಕೂಡಲೇ ಆಲ್ಟ್ ಮತ್ತು ಟ್ಯಾಬ್ ಒತ್ತಿ ಹೊರಗೆ ಬನ್ನಿ.

ಮೆಮೊರಿ ಪುಟದಲ್ಲಿ 'ಇನ್ ಯೂಸ್' ಜತೆಗೆ 'ಕಮಿಟೆಡ್' ಎಂಬ ಜೋಡಿ ಅಂಕಿಯನ್ನು ನೋಡಿ. 8 ಜಿಬಿ ರ‍್ಯಾಮ್ ಇರುವ ಪಿಸಿಯಲ್ಲಿ ಅದು 13.1/15.6 ಎಂದು ಕಂಡರೆ, ತೆರೆದಿರುವ ಪ್ರೋಗ್ರಾಮುಗಳು ಒಟ್ಟು 13 ಜಿಬಿ ಕೇಳಿವೆ, ಇರುವ ರ‍್ಯಾಮ್ ಎಂಟೇ ಎಂದರ್ಥ. ಕೇಳಿದ್ದನ್ನೆಲ್ಲ ಒಂದೇ ಸಲ ಬಳಸುವುದಿಲ್ಲವಾದ್ದರಿಂದ ಕಮಿಟೆಡ್ ಸ್ವಲ್ಪ ಮೀರಿದ ಮಾತ್ರಕ್ಕೆ ಗಾಬರಿ ಬೇಡ. ಆದರೆ 'ಇನ್ ಯೂಸ್' 90 ಶೇಕಡಾ ದಾಟಿ, ಕಮಿಟೆಡ್ ಕೂಡ ಇರುವ ರ‍್ಯಾಮ್‌ಗಿಂತ ನಾಲ್ಕೈದು ಜಿಬಿ ಹೆಚ್ಚಿದ್ದರೆ ಅದು ಕೊರತೆಯೇ.

ಇಷ್ಟಕ್ಕೇ ತೀರ್ಮಾನಕ್ಕೆ ಬರಬೇಡಿ. ನಿಜವಾದ ಸಾಕ್ಷಿ ರಿಸೋರ್ಸ್ ಮಾನಿಟರ್‌ನಲ್ಲಿ ಇದೆ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರನ್ನು ಟೈಪ್ ಮಾಡಿದರೆ ಸಿಗುತ್ತದೆ. ಅದರ ಡಿಸ್ಕ್ ಪುಟದಲ್ಲಿ ಯಾವ ಕಡತವನ್ನು ಎಷ್ಟು ಓದುತ್ತಿದೆ, ಬರೆಯುತ್ತಿದೆ ಎಂದು ಸಾಲುಸಾಲಾಗಿ ಬರುತ್ತದೆ. ಚಿತ್ರ ನಿಂತ ಹೊತ್ತಿನಲ್ಲಿ ಮೇಲಿನ ಸಾಲುಗಳಲ್ಲಿ ಪೇಜ್‌ಫೈಲ್ ಹೆಸರು ಕುಣಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಗೇಮಿನ ಫೋಲ್ಡರ್ ಒಳಗಿನ ಕಡತಗಳೇ ಕಾಣುತ್ತಿದ್ದು, ಪಕ್ಕದ ರೆಸ್ಪಾನ್ಸ್ ಟೈಮ್ ನೂರಾರು ಮಿಲಿಸೆಕೆಂಡ್ ತೋರಿಸುತ್ತಿದ್ದರೆ ಡಿಸ್ಕ್ ನಿಧಾನ. ಗೇಮಿನದ್ದಲ್ಲದೆ ವಿಂಡೋಸ್ ಅಪ್‌ಡೇಟ್‌ನದ್ದೋ ಆಂಟಿವೈರಸ್‌ನದ್ದೋ ಕಡತಗಳಿದ್ದರೆ ಅದು ಮುಗಿಯುವತನಕ ಕಾದು ಇನ್ನೊಮ್ಮೆ ನೋಡಿ. ಬೇಕಾದದ್ದು ಮೆಮೊರಿಯಲ್ಲಿ ಸಿಗದೆ ಡಿಸ್ಕ್‌ಗೆ ಹೋಗಬೇಕಾದ ಸಲಗಳನ್ನು ಎಣಿಸುವ, ಮೆಮೊರಿ ಪುಟದ 'ಹಾರ್ಡ್ ಫಾಲ್ಟ್ಸ್' ಗೆರೆಯೂ ಇದೇ ಕಥೆ ಹೇಳುತ್ತದೆ. ಲೋಡಿಂಗ್ ಹೊತ್ತಿನಲ್ಲಿ ಅದು ಒಮ್ಮೆ ಮೇಲೇಳುವುದು ಸಹಜ, ಆಡುವಾಗ ಇಳಿಯದೆ ನಿಂತರೆ ಮಾತ್ರ ಕೆಟ್ಟ ಲಕ್ಷಣ.

ಮೂರನೆಯ ಆರೋಪಿಯೊಬ್ಬನಿದ್ದಾನೆ. ಟಾಸ್ಕ್ ಮ್ಯಾನೇಜರ್‌ನ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಪುಟದಲ್ಲಿ 'ಡೆಡಿಕೇಟೆಡ್' ಮೆಮೊರಿ 3.9/4.0 ಎಂದು ತುಂಬಿಹೋಗಿ, 'ಶೇರ್ಡ್' ಮೆಮೊರಿ ಏರುತ್ತಿದ್ದರೆ ಕಾರ್ಡಿನ ಸ್ವಂತ ಮೆಮೊರಿ ಸಾಲದೆ ರ‍್ಯಾಮ್ ಮೇಲೆ ಹೊರೆ ಬಿದ್ದಿದೆ. ತಡವರಿಕೆ ನೋಡಲು ರ‍್ಯಾಮ್ ಕೊರತೆಯ ಹಾಗೆಯೇ ಇರುತ್ತದೆ. ಗೇಮಿನ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಸರಿಹೋದರೆ ಏನೂ ಕೊಳ್ಳಬೇಕಾಗಿಲ್ಲ.

ದುಡ್ಡು ಖರ್ಚಾಗದ ರಿಪೇರಿ ಮೊದಲು

ಸಿಪಿಯು-ಝಡ್ ಎಂಬ ಉಚಿತ ಪ್ರೋಗ್ರಾಮ್ ಹಾಕಿ ಮೆಮೊರಿ ಪುಟ ನೋಡಿ. 3200 ಎಂದು ಬರೆದ, ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್ ಸ್ಟಿಕ್ (ಪಟ್ಟಿ) ಅಲ್ಲಿ 1600 ಎಂದು ಕಾಣುವುದು ಸರಿ, ಅದು ಅರ್ಧ ಲೆಕ್ಕ ತೋರಿಸುತ್ತದೆ. 1066 ಅಥವಾ 1333 ಎಂದು ಕಂಡರೆ ಸ್ಟಿಕ್ ತನ್ನ ಪೂರ್ತಿ ವೇಗದಲ್ಲಿ ಓಡುತ್ತಿಲ್ಲ. ಪಿಸಿ ಆನ್ ಆಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ, ರ‍್ಯಾಮನ್ನು ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆಯನ್ನು, ಅಂದರೆ ಇಂಟೆಲ್ ಬೋರ್ಡಿನಲ್ಲಿ ಎಕ್ಸ್‌ಎಂಪಿ, ಎಎಂಡಿ ಬೋರ್ಡಿನಲ್ಲಿ ಡಿಒಸಿಪಿ ಅಥವಾ ಎಕ್ಸ್‌ಪೋ ಎಂಬುದನ್ನು ಆನ್ ಮಾಡಿ ಎಫ್10 ಒತ್ತಿ ಸೇವ್ ಮಾಡಿ. ಎಷ್ಟೋ ಮನೆಗಳಲ್ಲಿ ಪಿಸಿ ಜೋಡಿಸಿದ ದಿನದಿಂದ ಇದು ಆಫ್ ಆಗಿಯೇ ಇರುತ್ತದೆ. ಎಲ್ಲ ಬೋರ್ಡಿಗೂ ಈ ಭಾಗ್ಯವಿಲ್ಲ. ಇಂಟೆಲ್‌ನ ಎಚ್410 ಬೋರ್ಡಿನಲ್ಲಿ ಐ5-10400 ಪ್ರೊಸೆಸರ್ ಇದ್ದರೆ 3200ರ ಸ್ಟಿಕ್ ಹಾಕಿದರೂ ಓಡುವುದು 2666ರಲ್ಲೇ. ಅಂಥವರು ಹೆಚ್ಚು ವೇಗದ ಸ್ಟಿಕ್‌ಗೆ ಹೆಚ್ಚು ದುಡ್ಡು ಕೊಡುವುದು ದಂಡ.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್ ಇದ್ದೂ ಮೊದಲೆರಡು ಅಥವಾ ಕೊನೆಯೆರಡು ಸ್ಲಾಟಿನಲ್ಲಿ ಅಕ್ಕಪಕ್ಕ ಕೂತಿದ್ದರೆ ಎರಡೂ ಒಂದೇ ದಾರಿಯಲ್ಲಿ (ಚಾನೆಲ್) ಓಡುತ್ತವೆ. ಅಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಮತ್ತು ನಾಲ್ಕನೆಯದು, ಅಂದರೆ ಎ2 ಮತ್ತು ಬಿ2, ಇವು ಸರಿಯಾದ ಜೋಡಿ. ಒಂದೇ ದಾರಿಯಲ್ಲಿ ಡಿಡಿಆರ್4-3200 ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ ಜೋಡಿದಾರಿಯಲ್ಲಿ 51.2 ಜಿಬಿ.

ಹಾಗೆಯೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಹಳೆಯ ಹಾರ್ಡ್ ಡಿಸ್ಕ್‌ನ ಆರೋಗ್ಯ ನೋಡಿ. 05, ಸಿ5, ಸಿ6 ಎಂಬ ಮೂರು ಸಾಲುಗಳ ಕೊನೆಯ ಅಂಕಿ ಸೊನ್ನೆಯಲ್ಲದಿದ್ದರೆ ಡಿಸ್ಕ್‌ನ ಮೇಲ್ಮೈ ಹಾಳಾಗತೊಡಗಿದೆ. ಅಲ್ಲಿಗೆ ಚರ್ಚೆ ಮುಗಿಯಿತು: ಮೊದಲು ಮನೆಯ ಫೋಟೋಗಳನ್ನು ಬೇರೆ ಕಡೆ ಕಾಪಿ ಮಾಡಿ, ಆಮೇಲೆ ಎಸ್‌ಎಸ್‌ಡಿ ತನ್ನಿ. ರ‍್ಯಾಮ್ ಕಾಯಲಿ. ಎಸ್‌ಎಸ್‌ಡಿ ಈಗಾಗಲೇ ಇದ್ದು ಹತ್ತು ಹದಿನೈದು ಶೇಕಡಾಕ್ಕಿಂತ ಕಡಿಮೆ ಜಾಗ ಖಾಲಿ ಉಳಿದಿದ್ದರೆ ಆಡದ ಗೇಮ್ ಒಂದೆರಡನ್ನು ತೆಗೆಯಿರಿ. ತುಂಬಿದ ಎಸ್‌ಎಸ್‌ಡಿ ಬರೆಯುವಾಗ ನಿಧಾನವಾಗುತ್ತದೆ.

ಹಾಗಾದರೆ ಯಾವುದು ಮೊದಲು

ಬೆಂಗಳೂರಿನ ಮನೆಗಳಲ್ಲಿ ಕಾಣಸಿಗುವ ಪಿಸಿಯೊಂದನ್ನು ತೆಗೆದುಕೊಳ್ಳೋಣ: ಐ5-10400ಎಫ್ ಪ್ರೊಸೆಸರ್, 8 ಜಿಬಿಯ ಒಂದೇ ಸ್ಟಿಕ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 11, ಕ್ರೋಮ್, ಡಿಸ್ಕಾರ್ಡ್ ಸೇರಿ ಗೇಮ್ ತೆರೆಯುವ ಮೊದಲೇ ನಾಲ್ಕೈದು ಜಿಬಿ ನುಂಗಿರುತ್ತವೆ. ಕೌಂಟರ್-ಸ್ಟ್ರೈಕ್ 2 ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತದೆ. ಸೈಬರ್‌ಪಂಕ್ 2077 ಕನಿಷ್ಠ 12 ಜಿಬಿ ಕೇಳುವುದಲ್ಲದೆ 2023ರಿಂದ ಎಸ್‌ಎಸ್‌ಡಿಯನ್ನೂ ಕಡ್ಡಾಯ ಮಾಡಿದೆ. ಸ್ಟಾರ್‌ಫೀಲ್ಡ್‌ಗೆ 16 ಜಿಬಿ ರ‍್ಯಾಮ್, 125 ಜಿಬಿ ಎಸ್‌ಎಸ್‌ಡಿ ಜಾಗ. ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ. ಈ ಪಿಸಿಗೆ ಎರಡೂ ಬೇಕು. ಈ ತಿಂಗಳು ಒಂದಕ್ಕೆ ಮಾತ್ರ ದುಡ್ಡಿದ್ದರೆ ಎಸ್‌ಎಸ್‌ಡಿ ಮೊದಲು ಎನ್ನುತ್ತೇವೆ, ಅದೂ ವಿಂಡೋಸನ್ನೇ ಅದರ ಮೇಲೆ ಹಾಕಿಕೊಳ್ಳುವುದಾದರೆ. ಕಾರಣ ಹೀಗಿದೆ: ಪಿಸಿ ಆನ್ ಆಗುವುದರಿಂದ ಹಿಡಿದು ಎಲ್ಲವೂ ಚುರುಕಾಗುತ್ತದೆ, ಜತೆಗೆ ಪೇಜ್‌ಫೈಲ್ ಕೂಡ ಎಸ್‌ಎಸ್‌ಡಿ ಮೇಲೆ ಬರುವುದರಿಂದ ರ‍್ಯಾಮ್ ಕೊರತೆಯ ಪೆಟ್ಟು ಅರೆಸೆಕೆಂಡಿನಿಂದ ಸಣ್ಣ ಎಡವಿಗೆ ಇಳಿಯುತ್ತದೆ. ಮುಂದಿನ ತಿಂಗಳು ಎರಡನೆಯ 8 ಜಿಬಿ ಸ್ಟಿಕ್.

ವಿಂಡೋಸ್ ಆಗಲೇ ಎಸ್‌ಎಸ್‌ಡಿ ಮೇಲಿದ್ದು ರ‍್ಯಾಮ್ 8 ಜಿಬಿ ಇದ್ದರೆ ಎರಡನೆಯ ಮಾತಿಲ್ಲ, ರ‍್ಯಾಮ್ ಮೊದಲು. ರೈಜೆನ್ 5600ಜಿ ತರಹದ ಪ್ರೊಸೆಸರ್ ಇರುವ, ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದ ಪಿಸಿಗಂತೂ ಎಲ್ಲಕ್ಕಿಂತ ಮೊದಲು ಎರಡನೆಯ ಸ್ಟಿಕ್ ಹಾಕಿ. ಅಲ್ಲಿ ಗ್ರಾಫಿಕ್ಸ್ ಭಾಗವೂ ಅದೇ ರ‍್ಯಾಮ್‌ನಿಂದ ಪಾಲು ಪಡೆಯುತ್ತದೆ, ಜೋಡಿದಾರಿ ತೆರೆದರೆ ಫ್ರೇಮ್ ಎಣಿಕೆಯೇ ಕಣ್ಣಿಗೆ ಕಾಣುವಷ್ಟು ಏರುತ್ತದೆ.

16 ಜಿಬಿ ರ‍್ಯಾಮ್ ಇದ್ದು ಗೇಮುಗಳು ಇನ್ನೂ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಎಸ್‌ಎಸ್‌ಡಿ. 16 ಜಿಬಿಯೂ ಇದೆ, ಹಳೆಯ ಬಗೆಯ ಸಂಪರ್ಕವಾದ ಸಾಟಾದ ಎಸ್‌ಎಸ್‌ಡಿಯೂ ಇದೆ, ಹೊಸ ವೇಗದ ಬಗೆಯಾದ ಎನ್‌ವಿಎಂಇಗೆ ಬದಲಿಸಲೇ ಎಂದು ಕೇಳುವವರಿಗೆ ನಮ್ಮ ಉತ್ತರ: ಬೇಡ, ಜಾಗ ಸಾಲದಿದ್ದರೆ ಮಾತ್ರ ಬದಲಿಸಿ. ಸಾಟಾದ ಸೆಕೆಂಡಿಗೆ 550 ಎಂಬಿಗೂ ನಾಲ್ಕನೆಯ ತಲೆಮಾರಿನ ಎನ್‌ವಿಎಂಇಯ 7000 ಎಂಬಿಗೂ ಕಾಗದದಲ್ಲಿ ಅಷ್ಟು ದೂರವಿದ್ದರೂ ಬಹುತೇಕ ಗೇಮುಗಳು ಲೋಡ್ ಆಗುವುದರಲ್ಲಿ ಕೆಲವೇ ಸೆಕೆಂಡುಗಳ ಅಂತರ. 32 ಜಿಬಿ ಯಾರಿಗೆ? ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಆಡುವವರಿಗೆ, ತಯಾರಕರೇ ಅಷ್ಟು ಶಿಫಾರಸು ಮಾಡಿದ್ದಾರೆ. ಆಡುತ್ತಲೇ ಸ್ಟ್ರೀಮ್ ಮಾಡುವವರಿಗೆ. ಹಗಲು ಆಫೀಸಿನ ವರ್ಚುವಲ್ ಮಷೀನ್, ಡಾಕರ್ ಮುಂತಾದ ಮೆಮೊರಿ ನುಂಗುವ ಪ್ರೋಗ್ರಾಮುಗಳೆಂದು ಅದೇ ಪಿಸಿಯಲ್ಲಿ ದುಡಿದು ರಾತ್ರಿ ಆಡುವವರಿಗೆ, ಈ ಊರಿನಲ್ಲಿ ಅಂಥವರು ಬಹಳ.

ಬೆಲೆಯ ಮಾತೂ ಬರಲೇಬೇಕು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಗೆ ಮೆಮೊರಿ ಕಾರ್ಖಾನೆಗಳು ಹೊರಳಿ ರ‍್ಯಾಮ್ ಬೆಲೆ ವಿಪರೀತ ಜಿಗಿಯಿತು. ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನು ಮುಚ್ಚುವುದಾಗಿ ಮೆಮೊರಿ ತಯಾರಕ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಎಸ್‌ಎಸ್‌ಡಿ ಬೆಲೆಯೂ ಹಿಂದೆ ಬೀಳಲಿಲ್ಲ. ಇಂಥ ಕಾಲದಲ್ಲಿ 8ರಿಂದ 16ಕ್ಕೆ ಹೋಗುವುದು ಅಗತ್ಯ, 16ರಿಂದ 32ಕ್ಕೆ ಹೋಗುವುದನ್ನು ಮುಂದೂಡಬಹುದು. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕೊಳ್ಳಲು ಹೆದರಬೇಕಾಗಿಲ್ಲ, ಅದು ಬಳಸಿ ಸವೆಯುವ ವಸ್ತುವಲ್ಲ. ಪರೀಕ್ಷಿಸಿ ತೆಗೆದುಕೊಂಡರೆ ಸಾಕು. ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿ ಬೇಡ. ಪ್ರತಿ ಬರಹಕ್ಕೂ ಅದು ಸವೆಯುತ್ತದೆ, ಎಷ್ಟು ಸವೆದಿದೆ ಎಂಬುದು ಮೇಲುನೋಟಕ್ಕೆ ತಿಳಿಯುವುದಿಲ್ಲ.

ಎಸ್‌ಪಿ ರೋಡಿಗೆ ಹೊರಡುವ ಮುನ್ನ

ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್‌ಪಿ ರೋಡ್ ನಡಿಗೆಯ ದೂರ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಮದರ್‌ಬೋರ್ಡಿನ ಪೂರ್ತಿ ಮಾಡೆಲ್ ಹೆಸರನ್ನು ಫೋಟೋ ಹೊಡೆದುಕೊಳ್ಳಿ, ರ‍್ಯಾಮ್ ತರುವುದಾದರೆ ಹಳೆಯ ಸ್ಟಿಕ್ಕನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. "ಅಣ್ಣಾ, ಇದಕ್ಕೆ ಜೋಡಿ ಬೇಕು, ಡೆಸ್ಕ್‌ಟಾಪ್ ಡಿಡಿಆರ್4, 8 ಜಿಬಿ. ಜಿಎಸ್‌ಟಿ ಬಿಲ್ ಕೊಡಿ, ಬಿಲ್ ಮೇಲೆ ಸೀರಿಯಲ್ ನಂಬರ್ ಹಾಕಿ" ಎಂದು ಮೊದಲೇ ಹೇಳಿಬಿಡಿ. 18 ಶೇಕಡಾ ಜಿಎಸ್‌ಟಿ ಉಳಿಯುತ್ತದೆ ಎಂದು ಬಿಲ್ ಇಲ್ಲದೆ ತಂದರೆ ಆರು ತಿಂಗಳಿಗೆ ಕೆಟ್ಟಾಗ ವಾರಂಟಿ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ. ನಂಬಲಾಗದಷ್ಟು ಅಗ್ಗದ 2 ಟಿಬಿ ಎಸ್‌ಎಸ್‌ಡಿ ಕಂಡರೆ ದೂರವಿರಿ. ಒಳಗೆ ಸಣ್ಣ ಮೆಮೊರಿ ಇಟ್ಟು ದೊಡ್ಡ ಅಂಕಿ ತೋರಿಸುವಂತೆ ಮಾಡಿದ ನಕಲಿಗಳಿವೆ. ತಂದಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪ್ರೋಗ್ರಾಮ್ ಓಡಿಸಿದರೆ ಪೂರ್ತಿ ಬರೆದು, ಮತ್ತೆ ಓದಿ ಬಯಲು ಮಾಡುತ್ತದೆ.

ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ, ನಡುವಿನ ಕಚ್ಚು ಮಾತ್ರ ಬೇರೆ ಜಾಗದಲ್ಲಿ. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಇಂಟೆಲ್ 12ರಿಂದ 14ನೇ ತಲೆಮಾರಿನವರೆಗೆ ಒಂದೇ ಪ್ರೊಸೆಸರ್‌ಗೆ ಎರಡೂ ಬಗೆಯ ಬೋರ್ಡುಗಳು ಬಂದಿರುವುದರಿಂದ ಪ್ರೊಸೆಸರ್ ಹೆಸರು ನೋಡಿ ರ‍್ಯಾಮ್ ಕೊಳ್ಳಬೇಡಿ, ಬೋರ್ಡ್ ನೋಡಿ. ಲ್ಯಾಪ್‌ಟಾಪಿನದ್ದು ಗಿಡ್ಡನೆಯ ಬೇರೆ ಸ್ಟಿಕ್. ಡಿಡಿಆರ್5ರಲ್ಲಿ ನಾಲ್ಕು ಸ್ಟಿಕ್ ತುಂಬಿದರೆ ವೇಗ ಇಳಿಯುತ್ತದೆ, ಎರಡರಲ್ಲೇ ಬೇಕಾದಷ್ಟು ಜಿಬಿ ಬರುವಂತೆ ನೋಡಿಕೊಳ್ಳಿ.

ಎಸ್‌ಎಸ್‌ಡಿಯಲ್ಲಿ ಗೊಂದಲ ಎಂ.2 ಎಂಬ ಹೆಸರಿನಿಂದ. ಎಂ.2 ಎಂಬುದು ಆಕಾರ ಮಾತ್ರ. ಒಳಗಿರುವುದು ಸಾಟಾ ಆಗಿರಬಹುದು, ಎನ್‌ವಿಎಂಇ ಆಗಿರಬಹುದು. ನಿಮ್ಮ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಎಂದು ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ನೋಡಿ. ಅದೇ ಪುಟದಲ್ಲಿ ಇನ್ನೂ ಎರಡು ವಿಷಯ ಸಿಗುತ್ತವೆ. ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಇಂಟೆಲ್ 500 ಸರಣಿಯ ಬೋರ್ಡಿನಲ್ಲಿ 10ನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಪ್ರೊಸೆಸರ್‌ಗೇ ನೇರ ಜೋಡಿಸಿದ ಎಂ.2 ಸ್ಲಾಟ್ ಕೆಲಸವೇ ಮಾಡುವುದಿಲ್ಲ. ಹೊಸ ಎಸ್‌ಎಸ್‌ಡಿ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ಯುವವರಲ್ಲಿ ಈ ಸ್ಲಾಟಿನಿಂದ ಮೋಸ ಹೋದವರೂ ಇರುತ್ತಾರೆ.

ಸ್ವಂತ ಡಿ-ರ‍್ಯಾಮ್ (ಎಸ್‌ಎಸ್‌ಡಿಯೊಳಗಿನ ಸಣ್ಣ ವೇಗದ ಮೆಮೊರಿ) ಇಲ್ಲದ ಎನ್‌ವಿಎಂಇ ಗೇಮಿಂಗ್‌ಗೆ ಸಾಕು, ಅದು ಪಿಸಿಯ ರ‍್ಯಾಮ್‌ನಲ್ಲಿ ಕೆಲವು ಹತ್ತು ಎಂಬಿ ಎರವಲು ಪಡೆದು ಕೆಲಸ ಸಾಗಿಸುತ್ತದೆ. ಸಾಟಾ ಎಸ್‌ಎಸ್‌ಡಿಗೆ ಆ ಎರವಲಿನ ಅನುಕೂಲವಿಲ್ಲ. ಹಾಗಾಗಿ ವಿಂಡೋಸ್ ಹಾಕಲು ಸಾಟಾ ತರುವುದಾದರೆ ಡಿ-ರ‍್ಯಾಮ್ ಇರುವುದನ್ನೇ ಕೇಳಿ. ಒಂದೊಂದು ಕೋಶದಲ್ಲಿ ಹೆಚ್ಚು ಮಾಹಿತಿ ತುರುಕುವ ಕ್ಯುಎಲ್‌ಸಿ ಬಗೆಯವು ನೂರು ಜಿಬಿಯ ಗೇಮನ್ನು ಕಾಪಿ ಮಾಡುವಾಗ ನಡುದಾರಿಯಲ್ಲಿ ಸೋಲುತ್ತವೆ, ಓದುವಾಗ ತೊಂದರೆಯಿಲ್ಲ. ಗಾತ್ರ 1 ಟಿಬಿ ಇರಲಿ. 500 ಜಿಬಿಯದ್ದು ವಿಂಡೋಸ್‌ನಲ್ಲಿ 465 ಎಂದು ಕಾಣುತ್ತದೆ, ವಿಂಡೋಸ್ ಮತ್ತು ಖಾಲಿ ಬಿಡಬೇಕಾದ ಜಾಗ ಕಳೆದರೆ ದೊಡ್ಡ ಗೇಮ್ ಎರಡೋ ಮೂರೋ ಹಿಡಿಯುತ್ತದೆ ಅಷ್ಟೆ. ಸಾಟಾ ಎಸ್‌ಎಸ್‌ಡಿ ಡಬ್ಬಿಯಲ್ಲಿ ಸಾಮಾನ್ಯವಾಗಿ ಕೇಬಲ್ ಇರುವುದಿಲ್ಲ, ಒಂದು ಡೇಟಾ ಕೇಬಲ್ ಜತೆಗೇ ತನ್ನಿ. ಎಂ.2 ಆದರೆ ಅದನ್ನು ಬಿಗಿಯುವ ಪುಟ್ಟ ಸ್ಕ್ರೂ ಬೋರ್ಡಿನ ಹಳೆಯ ಡಬ್ಬಿಯಲ್ಲಿದೆಯೇ ಎಂದು ಮನೆಯಲ್ಲೇ ಹುಡುಕಿ ಹೊರಡಿ.

ರ‍್ಯಾಮ್ ಕೂರಿಸುವುದು

ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಪಿಸಿಯ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ. ಜನವರಿ, ಫೆಬ್ರವರಿಯ ಒಣಗಾಳಿಯಲ್ಲಿ ಮೈಯಲ್ಲಿ ಸ್ಟ್ಯಾಟಿಕ್ ಕೂಡಿಕೊಳ್ಳುವುದು ಹೆಚ್ಚು, ಆದ್ದರಿಂದ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಆಗಾಗ ಮುಟ್ಟುತ್ತಿರಿ. ಪಕ್ಕದಲ್ಲಿ ಕಟ್ಟಡ ಏಳುತ್ತಿರುವ ರಸ್ತೆಯಲ್ಲಿ ಮನೆಯಿದ್ದರೆ ಸ್ಲಾಟಿನ ಒಳಗೆ ನುಣ್ಣನೆಯ ಸಿಮೆಂಟ್ ಧೂಳು ಕೂತಿರುತ್ತದೆ. ಒಣ ಬ್ರಷ್ಷಿನಿಂದ ತೆಗೆಯಿರಿ, ಬಾಯಿಂದ ಊದಬೇಡಿ, ಎಂಜಲ ತೇವ ಹೋಗಿ ಕೂರುತ್ತದೆ.

ಸ್ಲಾಟಿನ ಕ್ಲಿಪ್ ಬಿಚ್ಚಿ. ಕೆಲವು ಬೋರ್ಡುಗಳಲ್ಲಿ ಒಂದೇ ತುದಿಯಲ್ಲಿ ಕ್ಲಿಪ್ ಇರುತ್ತದೆ, ಇನ್ನೊಂದು ತುದಿಯನ್ನು ಬಲವಂತವಾಗಿ ಎಳೆಯಬೇಡಿ. ಸ್ಟಿಕ್ಕಿನ ಕಚ್ಚನ್ನು ಸ್ಲಾಟಿನ ಉಬ್ಬಿಗೆ ಹೊಂದಿಸಿ, ಎರಡೂ ಹೆಬ್ಬೆರಳಿನಿಂದ ಎರಡೂ ತುದಿಯನ್ನು ಸಮನಾಗಿ ಒತ್ತಿ. ಬೋರ್ಡ್ ಸ್ವಲ್ಪ ಬಾಗಿದಂತೆ ಅನ್ನಿಸಿ ಎದೆ ಹಾರುತ್ತದೆ, ಆದರೂ ಟಕ್ ಎಂದು ಕ್ಲಿಪ್ ತಾನಾಗಿ ಮುಚ್ಚಿಕೊಳ್ಳುವವರೆಗೆ ಒತ್ತಬೇಕು. ಕಣ್ಣನ್ನು ಸ್ಲಾಟಿನ ಮಟ್ಟಕ್ಕೆ ತಂದು ನೋಡಿ: ಚಿನ್ನದ ಬಣ್ಣದ ಪಟ್ಟಿ ಒಂದು ತುದಿಯಲ್ಲಾದರೂ ಗೆರೆಯಷ್ಟು ಕಾಣುತ್ತಿದ್ದರೆ ಇನ್ನೂ ಕೂತಿಲ್ಲ. ರ‍್ಯಾಮ್ ಹಾಕಿದಮೇಲೆ ಪಿಸಿ ಆನ್ ಆಗಲಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಗೆರೆಯಷ್ಟು ಅಂತರದವು.

ಆನ್ ಮಾಡಿದಾಗ ಪರದೆ ಕಪ್ಪಗೇ ಇದ್ದರೆ ತಾಳಿ. ಡಿಡಿಆರ್5 ಬೋರ್ಡುಗಳು, ಅದರಲ್ಲೂ ಎಎಂಡಿಯ ಎಎಂ5 ಬೋರ್ಡುಗಳು, ಹೊಸ ರ‍್ಯಾಮನ್ನು ಅಳೆದು ನೋಡಲು ಮೊದಲ ಸಲ ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಹತ್ತು ಹದಿನೈದು ನಿಮಿಷ ಕಾಯದೆ ಸ್ವಿಚ್ ಆರಿಸಬೇಡಿ. ಆಮೇಲೂ ಬರದಿದ್ದರೆ ಒಂದೇ ಸ್ಟಿಕ್ಕನ್ನು ಎ2ನಲ್ಲಿ ಹಾಕಿ ನೋಡಿ, ನಂತರ ಇನ್ನೊಂದನ್ನು. ಎರಡೂ ಒಂಟಿಯಾಗಿ ಓಡಿ ಜೋಡಿಯಾಗಿ ಓಡದಿದ್ದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ, ಅಥವಾ ಬೋರ್ಡಿನ ನಾಣ್ಯದಂಥ ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಬೇರೆ ಬೇರೆ ಕಂಪನಿಯ ಸ್ಟಿಕ್‌ಗಳು ಜತೆಗೂಡುವುದು ಸಾಮಾನ್ಯ, ಆಗ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ.

ಆ ರಾತ್ರಿ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ ಮಲಗಿ. ಉಚಿತ ಆವೃತ್ತಿ ನಾಲ್ಕು ಸುತ್ತು ಪರೀಕ್ಷಿಸುತ್ತದೆ, 16 ಜಿಬಿಗೆ ಗಂಟೆಗಟ್ಟಲೆ ಬೇಕು. ಬೆಳಗ್ಗೆ ಒಂದು ತಪ್ಪು ಕಂಡರೂ ಎಕ್ಸ್‌ಎಂಪಿ ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಆಗಲೂ ತಪ್ಪು ಬಂದರೆ ಯಾವ ಸ್ಟಿಕ್ ಎಂದು ಒಂದೊಂದಾಗಿ ಹಾಕಿ ಪತ್ತೆ ಮಾಡಿ ವಾಪಸ್ ಕೊಡಿ. ಒಂದೇ ತಪ್ಪು ತಾನೇ ಎಂದು ಬಿಟ್ಟರೆ ತಿಂಗಳ ನಂತರ ಸೇವ್ ಮಾಡಿದ ಗೇಮ್ ಕಡತ ತೆರೆಯದೆ ಹೋದಾಗ ಕಾರಣ ಹೊಳೆಯುವುದಿಲ್ಲ.

ಎಸ್‌ಎಸ್‌ಡಿ ಜೋಡಿಸುವುದು

ಎಂ.2 ಕಾರ್ಡನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಸ್ಲಾಟಿಗೆ ತೂರಿಸಿ, ಮೆಲ್ಲಗೆ ಕೆಳಗೆ ಒತ್ತಿ ಸ್ಕ್ರೂ ಬಿಗಿಯಿರಿ, ಬೆರಳತುದಿಯ ಬಲ ಸಾಕು. 80 ಮಿಲಿಮೀಟರ್ ಉದ್ದದ ಕಾರ್ಡಿಗೆ ಸರಿಯಾದ ತೂತಿನಲ್ಲಿ ಆಧಾರದ ಕಂಬ ಇದೆಯೇ ನೋಡಿ, ಇಲ್ಲದೆ ಬಿಗಿದರೆ ಕಾರ್ಡ್ ಬಾಗುತ್ತದೆ. ಬೋರ್ಡಿನ ಹೀಟ್‌ಸಿಂಕ್ ಕೆಳಗಿನ ಪಾರದರ್ಶಕ ಹಾಳೆಯನ್ನು ಸುಲಿಯಿರಿ. ಮರೆತರೆ ಶಾಖ ಹೊರಗೆ ಹೋಗದೆ ಎಸ್‌ಎಸ್‌ಡಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಎಸ್‌ಎಸ್‌ಡಿಯಾಗಲಿ ರ‍್ಯಾಮಾಗಲಿ ಕೆಲವೇ ವ್ಯಾಟ್ ತಿನ್ನುವುದರಿಂದ ಪವರ್ ಸಪ್ಲೈ ಬದಲಿಸಬೇಕಾಗಿಲ್ಲ.

ಗೇಮಿಗೆ ಮಾತ್ರ ಎರಡನೆಯ ಡ್ರೈವ್ ಎಂದು ಹಾಕಿದ್ದರೆ ವಿಂಡೋಸ್‌ನಲ್ಲಿ ಅದು ತಾನಾಗಿ ಕಾಣುವುದಿಲ್ಲ. ವಿಂಡೋಸ್ ಕೀ ಜತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಜಿಪಿಟಿ ಆರಿಸಿ ಇನಿಷಿಯಲೈಸ್ ಮಾಡಿ, ಹೊಸ ವಾಲ್ಯೂಮ್ ರಚಿಸಿ. ಇಲ್ಲಿ ಹಳೆಯ ಡಿಸ್ಕ್‌ನ ಹೆಸರಿನ ಮೇಲೆ ಕೈ ಹೋಗದಂತೆ ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ.

ವಿಂಡೋಸನ್ನೇ ಎಸ್‌ಎಸ್‌ಡಿಗೆ ತರುವುದಾದರೆ ಹಳೆಯದನ್ನು ಇದ್ದಹಾಗೇ ನಕಲಿಸುವ ಕ್ಲೋನ್‌ಗಿಂತ ಹೊಸದಾಗಿ ಹಾಕುವುದೇ ಒಳ್ಳೆಯದು. ಹಳೆಯ ಪಿಸಿಗಳಲ್ಲಿ ಎಂಬಿಆರ್ ಎಂಬ ಹಳೆಯ ರೀತಿಯಲ್ಲಿ ಹಾಕಿದ ವಿಂಡೋಸ್ ಕ್ಲೋನ್ ಆದಮೇಲೆ ಬೂಟ್ ಆಗದೆ ಕಾಡುತ್ತದೆ. 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ವಿಂಡೋಸ್ ತುಂಬಿಸಿ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ ಬಿಟ್‌ಲಾಕರ್ ರಿಕವರಿ ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಎಲ್ಲ ಗೇಮಿನ ಸೇವ್ ಕ್ಲೌಡಿನಲ್ಲಿ ಇರುವುದಿಲ್ಲ, ಡಾಕ್ಯುಮೆಂಟ್ಸ್ ಮತ್ತು ಆಪ್‌ಡೇಟಾ ಫೋಲ್ಡರ್‌ಗಳನ್ನು ಕಾಪಿ ಮಾಡಿ. ಆಮೇಲೆ ಬಹಳ ಮುಖ್ಯವಾದದ್ದು: ಇನ್‌ಸ್ಟಾಲ್ ಶುರು ಮಾಡುವ ಮೊದಲು ಹಳೆಯ ಹಾರ್ಡ್ ಡಿಸ್ಕ್‌ನ ಸಾಟಾ ಕೇಬಲ್ ಕಿತ್ತುಬಿಡಿ. ಅದು ಹಾಗೇ ಇದ್ದರೆ ವಿಂಡೋಸ್ ತನ್ನನ್ನು ಎಸ್‌ಎಸ್‌ಡಿಗೆ ಹಾಕಿಕೊಂಡು ಬೂಟ್ ಕಡತವನ್ನು ಮಾತ್ರ ಹಳೆಯ ಡಿಸ್ಕ್‌ನಲ್ಲೇ ಉಳಿಸಬಹುದು. ಮುಂದೆ ಆ ಡಿಸ್ಕ್ ತೆಗೆದ ದಿನ ಪಿಸಿ ಏಳುವುದಿಲ್ಲ.

ಈ ಕೆಲಸವನ್ನು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಂಜೆಗೆ ಇಟ್ಟುಕೊಳ್ಳಬೇಡಿ. ಬೆಸ್ಕಾಂ ಕರೆಂಟ್ ಕಣ್ಣು ಮಿಟುಕಿಸಿದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತದೆ, ಜತೆಗೆ ಬಯೋಸ್ ಅಪ್‌ಡೇಟ್ ಮಾಡುತ್ತಿದ್ದರೆ ಅದು ಅರ್ಧಕ್ಕೆ ನಿಂತು ಬೋರ್ಡೇ ಸತ್ತುಹೋಗಬಹುದು. ಯುಪಿಎಸ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಆಕಾಶ ತಿಳಿಯಾಗಿರುವ ಬೆಳಗ್ಗೆ.

ಎಲ್ಲ ಮುಗಿದಮೇಲೆ ಹಾರ್ಡ್ ಡಿಸ್ಕ್ ಮರಳಿ ಜೋಡಿಸಿ, ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಪುಟಕ್ಕೆ ಹೋಗಿ ಹಳೆಯ ಲೈಬ್ರರಿ ಇರುವ ಡ್ರೈವ್ ಸೇರಿಸಿ. ಹಳೆಯ ಗೇಮುಗಳೆಲ್ಲ ತಾವಾಗಿ ಪ್ರತ್ಯಕ್ಷವಾಗುತ್ತವೆ. ಈಗ ಆಡುತ್ತಿರುವುದನ್ನು ಆರಿಸಿ 'ಮೂವ್' ಒತ್ತಿದರೆ ಎಸ್‌ಎಸ್‌ಡಿಗೆ ಬರುತ್ತದೆ. 100 ಎಂಬಿಪಿಎಸ್ ಸಂಪರ್ಕದಲ್ಲಿ 100 ಜಿಬಿಯ ಗೇಮನ್ನು ಮತ್ತೆ ಇಳಿಸಿಕೊಳ್ಳಲು ಎರಡು ಗಂಟೆಗೂ ಹೆಚ್ಚು ಬೇಕು. ಸೆಕೆಂಡಿಗೆ 120 ಎಂಬಿ ಓದುವ ಹಾರ್ಡ್ ಡಿಸ್ಕ್‌ನಿಂದ ಕಾಪಿ ಮಾಡಿದರೆ ಕಾಲು ಗಂಟೆಯ ಆಸುಪಾಸು. ಆಮೇಲೆ ಮೊದಲ ದಿನ ತಡವರಿಸಿದ ಅದೇ ಜಾಗಕ್ಕೆ ಹೋಗಿ, ಅದೇ ಕ್ರೋಮ್, ಡಿಸ್ಕಾರ್ಡ್ ತೆರೆದಿಟ್ಟು ಅರ್ಧ ಗಂಟೆ ಆಡಿ ರಿಸೋರ್ಸ್ ಮಾನಿಟರ್ ಇನ್ನೊಮ್ಮೆ ನೋಡಿ. ಪೇಜ್‌ಫೈಲ್ ಇನ್ನೂ ಮೇಲಿನ ಸಾಲಿನಲ್ಲೇ ಇದ್ದರೆ ಮುಂದಿನ ಸಲ ತರಬೇಕಾದದ್ದು ರ‍್ಯಾಮ್. ಹಳೆಯ ಹಾರ್ಡ್ ಡಿಸ್ಕನ್ನು ಮಾತ್ರ ಒಂದು ತಿಂಗಳು ಫಾರ್ಮ್ಯಾಟ್ ಮಾಡಬೇಡಿ, ಕಾಪಿ ಮಾಡಲು ಮರೆತ ಫೋಲ್ಡರ್ ಒಂದು ಅದರಲ್ಲಿ ಇದ್ದೇ ಇರುತ್ತದೆ.